ಕರಿಯನ ತಪ್ಪಲ್ಲ, ಸಬಕಾರದ್ದು

ಅಕ್ಕಾ,

ಮೊದಲ ಬಸ್ಸಿಗೆ ಮಹಾಲಿಂಗಪುರಕ್ಕೆ ಹೊರಟಿದ್ದೇನೆ. ನಮ್ಮ ಕರಿಯನನ್ನು ಹಾಲಿನ ಸಿದ್ದವ್ವನಿಗೆ ಕೊಡಬೇಡ. "ಎರಡೂ ಬೆಕ್ಕು ಕೂಡಿ ನನ್ನ ತಲಿ ತಿಂದಾವ, ನಾಳೆ ಒಂದನ್ನ ಕೊಟ್ಟಬಿಡ್ತೇನಿ" ಎಂದು ನಿನ್ನೆ ಕೂಗಾಡಿದೆಯಲ್ಲ, ಆ ಬೆಕ್ಕುಗಳ ನಡುವೆ ಜಗಳ ಹಚ್ಚಿದವಳು ನೀನೇ.

ಸೋಮವಾರ ಅವನು ಮಗ್ಗದ ನೂಲಿಗೆ ಹಚ್ಚುವ ಗಂಜಿಯಲ್ಲಿ ಬಿದ್ದಾಗ ನೀನು ಗಂಧದ ಸಬಕಾರ ಹಚ್ಚಿ ತೊಳೆದೆ. ಅವನ ಮೈವಾಸನೆ ಹೋಯಿತು. ನಾಲ್ಕು ವರ್ಷ ಜೊತೆಗೆ ಮಲಗಿದ ಗೌರಿಗೆ ಅವನು ಪರವೂರಿನ ಬೆಕ್ಕಾದ. ಅದಕ್ಕೇ ಅವಳು ಗುರ್ರೆಂದದ್ದು. ಪಾಪ, ಕರಿಯ ಮೂರು ದಿನ ಅಟ್ಟದಿಂದ ಇಳಿದಿರಲಿಲ್ಲ.

ಇಂದು ನಸುಕಿನ ಕತ್ತಲಲ್ಲಿ ನೀನು ನೀರಿಗೆ ಹೋದಾಗ, ನಾನು ಕರಿಯನನ್ನು ಅಟ್ಟದಿಂದ ಇಳಿಸಿ, ಗೌರಿ ಮಲಗಿದ್ದ ಬಟ್ಟೆಯನ್ನೇ ಎಳೆದು ಅವನ ಮೈಯೆಲ್ಲ ಉಜ್ಜಿದೆ. ಗೌರಿ ಮೂಸಿದಳು, ಕಪಾಳಕ್ಕೊಂದು ಕೊಟ್ಟಳು, ಆಮೇಲೆ ಕಿವಿ ನೆಕ್ಕತೊಡಗಿದಳು. ಅವ್ವ ನೋಡಿ ನಕ್ಕಳು: "ನಿಮ್ಮಪ್ಪ ಸೊಲ್ಲಾಪುರದಿಂದ ಅತ್ತರ ಹಚ್ಕೊಂಡ ಬಂದಾಗ ನಾನೂ ಹಿಂಗ ಮಾಡಿದ್ನಿ."

ಈಗ ಎರಡೂ ಒಂದಾಗಿ ಮಲಗಿವೆ. ದಯವಿಟ್ಟು ಎಬ್ಬಿಸಬೇಡ. ಎದ್ದ ಮೇಲೆ ಹಾಲನ್ನು ಎರಡು ಬಟ್ಟಲಲ್ಲಿ ಇಡು.

ಇನ್ನೊಂದು ಮಾತು. ಉಜ್ಜಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ನಿನ್ನ ಹೊಸ ಇಳಕಲ್ ಸೀರೆ.

ನಾನು ಸಂಜೆ ಬರುವುದಿಲ್ಲ, ನಾಳೆ ಬರುತ್ತೇನೆ.

ಮುರಿಗೆಪ್ಪ