ಬಾಗಿಲ ಮುಂದೆ ನಿಂತ ಚಿಕ್ಕ ಸೊಸೆ ಏನು ಹೇಳಬೇಕಾಗಿತ್ತು?

ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಸಂಜೆ ಏಳೂವರೆಯ ಒಡೆಯರೇ,

ಕಳೆದ ತಿಂಗಳ ಎರಡನೆಯ ಗುರುವಾರ ತಾವು ಒಬ್ಬ ಹೆಂಗಸನ್ನು ಮುಚ್ಚಿದ ಬಾಗಿಲ ಮುಂದೆ ಕೈ ಎತ್ತಿ ನಿಲ್ಲಿಸಿದಿರಿ, ಕೆಳಗೆ 'ಮುಂದುವರಿಯುವುದು' ಎಂದು ಬರೆದಿರಿ, ಮುಂದುವರಿಸದೆ ಹೋದಿರಿ. ಶುಕ್ರವಾರ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹದಿನಾರು ಜನ ಹೊಗೆಯ ನಡುವೆ ಕುಣಿಯುತ್ತಿದ್ದರು. ಇದೇ ನನ್ನ ದೂರು. ಸಾವಿರದ ನಾನೂರ ಹನ್ನೆರಡು ಸಂಚಿಕೆ ಎಳೆದ ಕಥೆಯನ್ನು ಇನ್ನೆರಡು ಸಂಚಿಕೆ ನಡೆಸಿ ಮುಗಿಸುವಷ್ಟು ವ್ಯವಧಾನ ತಮಗೆ ಇರಲಿಲ್ಲವೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ಕೇಳಿದ್ದೆ. ಇಬ್ಬರನ್ನೂ ಒಟ್ಟಿಗೆ ಹೊರಗೆ ಹಾಕುವ ಕಾಲವೂ ಒಂದಿದೆ ಎಂದು ತಮ್ಮಿಂದ ತಿಳಿಯಿತು.

ನಾನು ಟಿವಿ ರಿಪೇರಿ ಮಾಡುವವನು. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕ ಮದುವೆಯಾದವಳಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಆ ಶುಕ್ರವಾರ ಪರದೆಯ ಮೇಲೆ ಹೊಗೆ ಕಂಡಾಗ ನಾನು ತಮ್ಮ ಮೇಲೆ ಅನುಮಾನಪಡಲಿಲ್ಲ, ನನ್ನ ಕೆಲಸದ ಮೇಲೆ ಪಟ್ಟೆ. ಚಾನೆಲ್ ನಂಬರು ಅದಲುಬದಲಾಗಿದೆ ಎಂದುಕೊಂಡು ಒಂದರಿಂದ ಕೊನೆಯವರೆಗೆ ಒತ್ತಿದೆ. ತಾರಸಿ ಹತ್ತಿ ಡಿಶ್ ಅಲ್ಲಾಡಿಸಿ ಬಂದೆ. ಕೊನೆಗೆ ಸ್ಕ್ರೂಡ್ರೈವರ್ ತಂದು ಟಿವಿಯ ಬೆನ್ನು ಬಿಚ್ಚಿದೆ. ಮೂವತ್ತೆಂಟು ವರ್ಷ ಈ ಕೆಲಸ ಮಾಡಿದವನು, ಕಥೆ ಕಾಣೆಯಾಯಿತೆಂದು ಟಿವಿಯೊಳಗೆ ಕೈಹಾಕಿ ಹುಡುಕಿದೆ ಎಂದರೆ ತಾವು ನಗಬಹುದು, ನಗಿ. ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದಳು. ಎಂಟು ಗಂಟೆ ಹೊಡೆದ ಮೇಲೆ ಎದ್ದು ತನ್ನ ಕೋಣೆಗೆ ಹೋದಳು.

ಇಷ್ಟೊಂದು ಹಚ್ಚಿಕೊಳ್ಳಲು ಅದರಲ್ಲಿ ಏನಿತ್ತು ಎಂದು ತಾವು ಕೇಳಬಹುದು. ಏನೂ ಇರಲಿಲ್ಲ. ನಮಗೆ ಕಣ್ಣಿಲ್ಲವೆಂದು ತಿಳಿಯಬೇಡಿ. ತಮ್ಮ ದೊಡ್ಡ ಸೊಸೆ ಮಲಗುವಾಗಲೂ ಮದುವೆಮನೆಗೆ ಹೊರಟವಳ ಹಾಗೆ ಇರುತ್ತಿದ್ದಳು. ಯಾರಾದರೂ 'ಏನು?' ಎಂದರೆ ಸಾಕು, ಗುಡುಗು ಹೊಡೆದು ಮೂರು ದಿಕ್ಕಿನಿಂದ ಮುಖ ತೋರಿಸುತ್ತಿದ್ದಿರಿ. ಆ ಮನೆಯ ಮಗು ಐದು ವರ್ಷದಿಂದ ಎರಡನೇ ತರಗತಿಯಲ್ಲೇ ಇತ್ತು. ಅದು ಓದುವುದನ್ನು ನೋಡಿದರೆ ಅಲ್ಲೇ ಇರುವುದು ಸರಿ ಎಂದು ನಮಗೂ ಅನ್ನಿಸುತ್ತಿತ್ತು. ಚಿಕ್ಕ ಸೊಸೆ ಮಾತ್ರ ನಿಜವಾದ ಮನುಷ್ಯಳು. ದೊಡ್ಡವಳ ಗಂಡ ದೂರದಿಂದ ಬರೆದ ಕೆಟ್ಟ ಸುದ್ದಿಯ ಕಾಗದವನ್ನು ಅವಳು ಮುಚ್ಚಿಟ್ಟಳು. ಹೊಟ್ಟೆಕಿಚ್ಚಿನಿಂದಲ್ಲ, 'ಇವತ್ತೊಂದು ದಿನ ನೆಮ್ಮದಿಯಾಗಿರಲಿ ಪಾಪ' ಎಂದು. ಆ ಒಂದು ದಿನ ಬೆಳೆದು ಒಂದು ವರ್ಷವಾಯಿತು, ದೊಡ್ಡವಳಿಗೆ ಬೇರೆ ಯಾರಿಂದಲೋ ಗೊತ್ತಾಯಿತು, ಬಾಗಿಲು ಮುಚ್ಚಿತು. ಈ ಭಾಗ ಬರೆದವರು ಯಾರೇ ಆಗಲಿ, ಅವರಿಗೆ ನನ್ನ ಮನೆಯ ವಿಷಯ ಯಾರು ಹೇಳಿದರೋ ಎಂದು ನಾನು ಬೆಚ್ಚಿದ್ದೆ.

ಏಕೆಂದರೆ ಆರು ವರ್ಷದ ಹಿಂದೆ ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮೂರು ವಾರ ಅಕ್ಕ ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೇ ಕಳೆದಳು. ಕೊನೆಯ ದಿನ ಬೆಳಿಗ್ಗೆ ನಾನೇ ಗದರಿ ಮನೆಗೆ ಕಳಿಸಿದೆ, ನಾಲ್ಕು ಗಂಟೆ ಮಲಗಿ ಬಾ ಎಂದೆ. ಹನ್ನೊಂದಕ್ಕೆ ಅಮ್ಮ ಹೋಗಿಬಿಟ್ಟಳು. ನಾನು ಅಕ್ಕನಿಗೆ ಫೋನ್ ಮಾಡಲಿಲ್ಲ. ಮಲಗಿದ್ದಾಳೆ, ಎದ್ದ ಮೇಲೆ ಅಳುವುದು ಇದ್ದೇ ಇದೆ, ಅಲ್ಲಿಯವರೆಗೆ ನಿದ್ದೆ ಮಾಡಲಿ ಎಂದುಕೊಂಡೆ. ಅವಳು ಹನ್ನೆರಡಕ್ಕೇ ಎದ್ದಿದ್ದಳಂತೆ. ಅಮ್ಮನ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ನಾಲ್ಕಕ್ಕೆ ಬಟ್ಟೆಯ ಚೀಲ ಮತ್ತು ಬಿಸಿನೀರಿನ ಫ್ಲಾಸ್ಕ್ ಹಿಡಿದು ವಾರ್ಡಿಗೆ ಬಂದಳು. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು.

"ನಾಲ್ಕು ಗಂಟೆ ಹೊತ್ತು ನನ್ನ ಕೈಲಿ ಸತ್ತವಳ ಬಟ್ಟೆ ಇಸ್ತ್ರಿ ಮಾಡ್ಸಿದ್ಯಲ್ಲೋ" ಎಂದಳು. ಜೀವಮಾನವಿಡೀ ಊರಿನವರ ಸಾವಿನ ಸುದ್ದಿಗೂ ಹುಟ್ಟಿನ ಸುದ್ದಿಗೂ ತಂತಿ ಜೋಡಿಸಿಕೊಟ್ಟವಳು ಅವಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಮೂರು ತಿಂಗಳು ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡಿದವು. ಅಷ್ಟರಲ್ಲಿ ತಮ್ಮ ಧಾರಾವಾಹಿ ಶುರುವಾಯಿತು. ಒಂದು ಸಂಜೆ ಅಕ್ಕ ಟಿವಿಯ ಕಡೆ ನೋಡುತ್ತಲೇ, "ಆ ಮೀಸೆ ಮಾವ ಒಂದು ವಾರದಿಂದ ಕೆಮ್ತಾ ಇದಾನೆ. ಡಾಕ್ಟರಿಗೆ ತೋರಿಸ್ಕೊಳ್ಳೋ ಬುದ್ಧಿ ಬೇಡ್ವಾ?" ಎಂದಳು. ತಮ್ಮ ಮೀಸೆ ಮಾವ ನಿವೃತ್ತ ನ್ಯಾಯಾಧೀಶ, ಕಲ್ಲುಗುಂಡಿನ ಹಾಗಿದ್ದ, ಒಂದು ಸಲವೂ ಕೆಮ್ಮಿದವನಲ್ಲ. ಕೆಮ್ಮುತ್ತಿದ್ದವನು ನಾನು. ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿ ಬಂದು, ಏಳೂವರೆಗೆ ನಾನೂ ಟಿವಿಗೇ ಹೇಳಿದೆ: "ಮಾವ ತೋರಿಸ್ಕೊಂಡು ಬಂದ್ನಂತೆ. ಹಳೇ ಸೆಟ್ಟುಗಳ ಧೂಳು ಆಗಿಬರಲ್ವಂತೆ." ಅಕ್ಕ, "ಮೂಗಿಗೆ ಬಟ್ಟೆ ಕಟ್ಕೊಂಡು ಕೆಲ್ಸ ಮಾಡು ಅಂತ ಯಾರಾದ್ರೂ ಅವನಿಗೆ ಹೇಳ್ಬಾರ್ದಾ?" ಎಂದಳು. ನ್ಯಾಯಾಧೀಶರಿಗೆ! ಅಂದು ನಾನು ಅಂಗಡಿಗೆ ಇಳಿದು ಹೋಗಿ ಯಾರೂ ಇಲ್ಲದಾಗ ಅತ್ತುಬಿಟ್ಟೆ.

ಹೀಗೆ ಐದೂವರೆ ವರ್ಷ ನಡೆಯಿತು. ಇದಕ್ಕೊಂದು ಕಟ್ಟುಪಾಡೂ ಇತ್ತು. ಜಾಹೀರಾತು ಬಂದಾಗ ಮಾತಿಲ್ಲ, ಏಕೆಂದರೆ ಆಗ ಹೇಳಲು ಮುಂದೆ ಯಾರೂ ಇರುವುದಿಲ್ಲ. ಅರ್ಧ ಗಂಟೆಯಲ್ಲಿ ತಾವು ಸೋಪಿನ ಪುಡಿ ಮಾರುತ್ತಿದ್ದ ಹನ್ನೆರಡು ನಿಮಿಷ ನಮ್ಮ ಮಾತಿನಿಂದ ಕತ್ತರಿಸಿಕೊಂಡದ್ದು ಎಂಬುದು ತಮ್ಮ ಗಮನಕ್ಕೆ. ಶನಿವಾರ, ಭಾನುವಾರ ಮೌನ. ಒಮ್ಮೆ ನಾನು, "ದೊಡ್ಡ ಸೊಸೆ ಸೂಜಿಗೆ ದಾರ ಪೋಣಿಸೋಕೆ ಒದ್ದಾಡ್ತಾ ಇದಾಳೆ" ಎಂದೆ. "ಅವಳಿಗೆ ಕಣ್ಣಲ್ಲಿ ಪೊರೆ. ಇಪ್ಪತ್ತಕ್ಕೆ ಆಪರೇಷನ್ನು. ಜೊತೆಗೆ ಬರೋರು ಬೇಕಾದ್ರೆ ಬರಲಿ" ಎಂಬ ಉತ್ತರ ಬಂತು. ತಮ್ಮ ದೊಡ್ಡ ಸೊಸೆಗೆ ಇಪ್ಪತ್ತಾರು ವರ್ಷ. ಇಪ್ಪತ್ತನೆಯ ತಾರೀಕು ನಾನು ಅಕ್ಕನ ಜೊತೆ ಕಣ್ಣಿನ ಆಸ್ಪತ್ರೆಗೆ ಹೋದೆ. ಮೂರು ಗಂಟೆ ಪಕ್ಕಪಕ್ಕ ಕೂತೆವು. ಅಲ್ಲಿಯ ಟಿವಿಯಲ್ಲಿ ಹವಾಮಾನ ಹೇಳುತ್ತಿದ್ದರು. ಹವಾಮಾನ ಹೇಳುವವಳ ಹತ್ತಿರ ಏನಂತ ಮಾತಾಡುವುದು? ತಾವು ಮಾವನ ಪಾತ್ರಕ್ಕೆ ಬೇರೆ ನಟನನ್ನು ಹಾಕಿದಾಗ ಊರೆಲ್ಲ ಬೈಯಿತು. ಅಕ್ಕ ಮಾತ್ರ, "ಪರವಾಗಿಲ್ಲ, ಈಗೀಗ ಕೆಮ್ಮು ಕಡಿಮೆಯಾಗಿದೆ" ಎಂದಳು.

ಕಥೆ ಕೊನೆಗೆ ಬಂದ ವಾರಗಳನ್ನು ತಾವು ಮರೆತಿರಬಹುದು, ನಾನು ಮರೆತಿಲ್ಲ. ಚಿಕ್ಕ ಸೊಸೆ ತಪ್ಪೊಪ್ಪಿಕೊಳ್ಳಲು ತನ್ನ ಕೋಣೆಯಿಂದ ಹೊರಟಳು. ಹಜಾರ ದಾಟಲು ನಾಲ್ಕು ವಾರ ತೆಗೆದುಕೊಂಡಳು. ಬುಧವಾರ ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸುತ್ತ, "ಅವಳು ಬಾಗಿಲು ತಟ್ಟಿದ್ರೆ ದೊಡ್ಡವಳು ತೆಗೀತಾಳೆ. ತೆಗೀದೆ ಏನ್ಮಾಡ್ತಾಳೆ? ಆರು ವರ್ಷ ಆಯ್ತು" ಎಂದಳು. ತಮ್ಮ ಕಥೆಯಲ್ಲಿ ಬಾಗಿಲು ಮುಚ್ಚಿ ಆರು ತಿಂಗಳೂ ಆಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ನನಗೆ ಅರ್ಥವಾಯಿತು. ಆಗಲೇ, ಆ ಕ್ಷಣದಲ್ಲೇ ತಿರುಗಿ 'ಅಕ್ಕಾ' ಎನ್ನಬೇಕಾಗಿತ್ತು. ಅನ್ನಲಿಲ್ಲ. ನನಗೆ ಮಾತು ಬಾರದು, ಮಾನ್ಯರೇ. ಆವತ್ತು ಆಸ್ಪತ್ರೆಯಿಂದ ಫೋನ್ ಮಾಡದೆ ಇದ್ದದ್ದು ಅವಳ ನಿದ್ದೆಗಾಗಿ ಎಂಬುದು ಅರ್ಧ ನಿಜ. ಫೋನೆತ್ತಿದರೆ ಏನೆಂದು ಹೇಳುವುದು ಎಂದು ತಿಳಿಯಲಿಲ್ಲ ಎಂಬುದು ಉಳಿದರ್ಧ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಆದ್ದರಿಂದ ನಾನೊಂದು ಲೆಕ್ಕ ಹಾಕಿದೆ: ನಾಳೆಯೋ ನಾಡಿದ್ದೋ ಚಿಕ್ಕ ಸೊಸೆ ಹೇಗೂ ಹೇಳುತ್ತಾಳೆ, ಬರೆದುಕೊಡಲು ಅವಳಿಗೆ ಓದಿದ ಜನ ಇದ್ದಾರೆ, ಅವಳು ಹೇಳಿದ್ದನ್ನೇ ನಾನೂ ಹೇಳಿಬಿಟ್ಟರಾಯಿತು. ಗುರುವಾರ ಅವಳು ಕೈ ಎತ್ತಿದಳು. ಅಕ್ಕ ಕುರ್ಚಿಯ ತುದಿಗೆ ಬಂದಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ಆಮೇಲೆ ಏನಾಯಿತೆಂದು ತಮಗೆ ಗೊತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತುತ್ತನ್ನು ತಮ್ಮ ಕೈಯಲ್ಲಿ ಬಿಟ್ಟದ್ದು ನನ್ನದೇ ತಪ್ಪು, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ತಮಗೆ ಮೂರು ಪತ್ರ ಬರೆದೆ. ತಮ್ಮ ಗ್ರಾಹಕ ಸೇವೆಯ ಧ್ವನಿ ನನ್ನ ಕರೆ ಬಹಳ ಮುಖ್ಯ ಎಂದು ನಲವತ್ತು ನಿಮಿಷ ಹೇಳಿತು. ಕೊನೆಗೆ ತಮ್ಮ ಗಾಜಿನ ಕಚೇರಿಗೇ ಬಂದೆ. ಸ್ವಾಗತ ಮೇಜಿನವರು ಕೂರಿಸಿದರು. ಅಲ್ಲಿ ಐದು ಟಿವಿ ಇದ್ದವು, ಒಂದರಲ್ಲೂ ಧ್ವನಿ ಇರಲಿಲ್ಲ. ಮಧ್ಯಾಹ್ನ ಗೇಟಿನಾಚೆ ಟೀ ಅಂಗಡಿಯಲ್ಲಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದವರು ಸಿಕ್ಕರು. ನನ್ನ ಹಾಗೆಯೇ ತಲೆ ನರೆತವರು. ಅವರನ್ನು ಕೇಳಿದೆ, ಪ್ರಸಾರ ಆಗದಿದ್ದರೆ ಹೋಗಲಿ, ಬರೆದದ್ದನ್ನಾದರೂ ತೋರಿಸಿ, ಬಾಗಿಲು ತೆಗೆದ ಮೇಲೆ ಅವಳು ಏನೆನ್ನುತ್ತಾಳೆ ಎಂದು.

"ಬರೆದೇ ಇಲ್ಲ ಸಾರ್" ಎಂದರು ಅವರು. "ಏನು ಹೇಳಿಸ್ಬೇಕು ಅಂತ ನಮಗೆ ಯಾರಿಗೂ ಹೊಳೀಲಿಲ್ಲ. ಅದಕ್ಕೇ ತಾನೇ ನಾಲ್ಕು ವಾರ ಅವಳನ್ನ ಹಜಾರದಲ್ಲಿ ನಡೆಸಿದ್ದು."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಬ್ಬರೂ ಟೀ ಕುಡಿದೆವು. ಆದರೆ ಮಾನ್ಯರೇ, ಓದಿದವರಿಗೇ ತಿಳಿಯದ ಮಾತನ್ನು ಸ್ಕ್ರೂಡ್ರೈವರ್ ಹಿಡಿಯುವವನು ಎಲ್ಲಿಂದ ತರಲಿ?

ತಮ್ಮ ಕುಣಿತದ ಸ್ಪರ್ಧೆಯನ್ನೂ ನಾವು ಒಂದು ವಾರ ನೋಡಿದೆವು, ಇಲ್ಲವೆನ್ನುವುದಿಲ್ಲ. ಅಕ್ಕ ಪ್ರಯತ್ನಪಟ್ಟಳು. "ಆ ಕೆಂಪು ಅಂಗಿಯವನಿಗೆ..." ಎಂದು ಶುರುಮಾಡಿದಳು. ಅಷ್ಟರಲ್ಲಿ ತೀರ್ಪುಗಾರರು ಕೆಂಪು ಅಂಗಿಯವನನ್ನು ಮನೆಗೆ ಕಳಿಸಿದರು. ಮಾತು ಅಲ್ಲಿಗೇ ನಿಂತಿತು. ಹಳೆಯ ಸಂಚಿಕೆಗಳನ್ನು ಫೋನಿನಲ್ಲಿ ಹಾಕಿ ಮೇಜಿನ ಮೇಲೆ ಇಟ್ಟು ನೋಡಿದೆ. ಆಗಿಹೋದ ಮಾತನ್ನು ಮತ್ತೆ ಹೇಗೆ ಆಡುವುದು? ಆಮೇಲಾಮೇಲೆ ಅಕ್ಕ ಏಳೂವರೆಗೆ ಹೊರಗೆ ಬರುವುದನ್ನೇ ಬಿಟ್ಟಳು. ಹೋದ ವಾರ ಅವಳ ಹಳೆಯ ಟ್ರಂಕು ಹಜಾರಕ್ಕೆ ಬಂದಿದೆ. ಎಕ್ಸ್‌ಚೇಂಜಿನ ಗೆಳತಿಯರು ಇರುವ ವೃದ್ಧರ ವಸತಿಗೃಹದಲ್ಲಿ ಅವಳಿಗೆ ಕೋಣೆ ಸಿಕ್ಕಿದೆಯಂತೆ, ಈ ತಿಂಗಳ ಮೂವತ್ತಕ್ಕೆ ಹೊರಡುತ್ತಾಳಂತೆ. ನನಗೆ ಇದನ್ನು ತಿಳಿಸಿದವಳು ಎದುರುಮನೆಯಾಕೆ. ಅಕ್ಕನಾದರೂ ಯಾರ ಮುಂದೆ ನೋಡಿಕೊಂಡು ಹೇಳಬೇಕಿತ್ತು?

ಮೊನ್ನೆ ನಾನು ಅವಳ ಬಾಗಿಲ ಮುಂದೆ ನಿಂತು ಕೈ ಎತ್ತಿದೆ. ತಮ್ಮ ಚಿಕ್ಕ ಸೊಸೆಗಿಂತ ಹೆಚ್ಚು ಹೊತ್ತೇ ನಿಂತೆ. ಬಾಯಿಂದ ಬಂದದ್ದು, "ಏಳೂವರೆ ಆಯ್ತು."

ಒಳಗಿನಿಂದ, "ಅದಕ್ಕೇನೀಗ? ಅದು ನಿಂತೋಯ್ತಲ್ಲ" ಎಂದಳು.

ಆರು ವರ್ಷದಲ್ಲಿ ನೇರವಾಗಿ ನನಗೆ ಹೇಳಿದ ಮೊದಲ ಮಾತು. ನಾನು ಇಳಿದು ಅಂಗಡಿಗೆ ಹೋದೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಧಾರಾವಾಹಿಯನ್ನು ಮತ್ತೆ ಶುರುಮಾಡಿ ಎಂದು ಕೇಳುವುದಿಲ್ಲ. ಮೂವತ್ತನೆಯ ತಾರೀಕಿನೊಳಗೆ ಒಂದು ಸಂಜೆ, ಹದಿನಾರು ಜನ ಬಟ್ಟೆ ಬದಲಾಯಿಸುವ ಬಿಡುವಿನಲ್ಲಿ, ಎರಡು ನಿಮಿಷ ಕೊಡಿ. ಬಾಗಿಲು ತೆರೆಯಲಿ, ಚಿಕ್ಕ ಸೊಸೆ ಒಂದೇ ಒಂದು ವಾಕ್ಯ ಹೇಳಲಿ. ಗುಡುಗು ಬೇಡ. ವಾಕ್ಯ ಮಾತ್ರ ಸರಿಯಾಗಿರಲಿ. ನಾನೂ ಕೂತು ಬರೆದು ನೋಡಿದೆ. 'ಆವತ್ತು ನಿನ್ನನ್ನು ಎಬ್ಬಿಸಬೇಕಿತ್ತು ಅಕ್ಕ, ನನಗೆ ಹೆದರಿಕೆಯಾಯಿತು' ಎಂಬಷ್ಟಕ್ಕೇ ನಿಂತುಹೋಗುತ್ತದೆ. ಆರು ವರ್ಷಕ್ಕೆ ಇಷ್ಟೇ ಇಷ್ಟು ಮಾತು ಯಾವ ಮೂಲೆಗೆ ಸಾಕು? ತಮ್ಮವರು ಇದಕ್ಕಿಂತ ಚೆನ್ನಾಗಿ ಬರೆದಾರು.

ತಾವು ಕೊಡುವುದಿಲ್ಲವೆಂದೂ ನನಗೆ ಗೊತ್ತು. ಅದಕ್ಕೇ ಈ ನಾಲ್ಕನೆಯ ಪತ್ರವನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಅಕ್ಕ ಈ ಪತ್ರಿಕೆಯನ್ನು ದಿನಾ ತರಿಸುತ್ತಾಳೆ, ಆದರೆ ಓದುಗರ ಪತ್ರಗಳ ಪುಟ ತೆರೆಯುವುದಿಲ್ಲ; ಹಿಂದಿನ ಪುಟದ ಪದಬಂಧ ತುಂಬಿಸಿ ಮಡಚಿಡುತ್ತಾಳೆ. ಪತ್ರವನ್ನು ಪದಬಂಧದ ಪಕ್ಕಕ್ಕೆ ಹಾಕಿರೆಂದು ಸಂಪಾದಕರನ್ನು ಬೇಡಿಕೊಂಡೆ. ಅವರು ಒಳ್ಳೆಯವರು, ಆಗುವುದಿಲ್ಲ ಎಂದರು. ಆ ಜಾಗದಲ್ಲಿ ತಿಂಗಳ ಕೊನೆಯವರೆಗೂ ತಮ್ಮ ಕುಣಿತದ ಸ್ಪರ್ಧೆಯ ಜಾಹೀರಾತು ಇದೆಯಂತೆ.

ಇಂತಿ,
ಇನ್ನೂ ಬಾಗಿಲ ಮುಂದೆಯೇ ಇರುವ,
ಎಲ್ಲರ ಮನೆಯ ಟಿವಿಗೂ ಧ್ವನಿ ಬರಿಸಿಕೊಟ್ಟ ಒಬ್ಬ ರಿಪೇರಿಯವನು