ಗ್ರೇಸಿ ಮೇಡಂ ಹೇಳಿದ ಅವಸರ

ಮಾರ್ಚ್ 3, ತಿರುವನಂತಪುರ

ವಿಶ್ರಾಂತಿಯಲ್ಲಿರುವ ಪೈಲಟ್‌ನನ್ನು ಫೋನ್ ಮಾಡಿ ಎಬ್ಬಿಸುವುದು ತಪ್ಪು. ಕಂಪನಿ ಇವತ್ತೂ ಅದನ್ನೇ ಮಾಡಿತು. ಹಾಲಪ್ಪ ಆಗಷ್ಟೇ ಮಲಗಿದ್ದ. ನಾಳೆಯ ಡ್ಯೂಟಿ ಬದಲಾಗಿದೆ, ಅಷ್ಟೇ ವಿಷಯ. ಆಮೇಲೆ ನಿದ್ದೆ ಎಲ್ಲಿಯದು?

ನನ್ನ ಹಾಗೆ ಅವನೂ ಕೋಪೈಲಟ್. ಹುಬ್ಬಳ್ಳಿಯವನು. ಪಟ್ಟಂನ ಈ ಫ್ಲ್ಯಾಟ್‌ನಲ್ಲಿ ಪಕ್ಕದ ಕೋಣೆ. ಇದರ ವಿರುದ್ಧ ಕರಪತ್ರ ಹಂಚೋಣ ಎಂದೆ.

"ಕ್ರಾಂತಿ ಆಮ್ಯಾಲ ಮಾಡೂಣಲೇ. ಮೊದ್ಲ ಚಾ ಇಡು," ಎಂದ.

ಇಟ್ಟೆ. ಕುದಿಯುವಷ್ಟರಲ್ಲಿ ಕರಪತ್ರದ ಮೊದಲ ಸಾಲು ಹೊಳೆಯಿತು.

ಮಾರ್ಚ್ 5

ಕಂಪನಿಯಿಂದ ಹೊಸ ಒಪ್ಪಂದದ ಕರಡು ಬಂತು. ರೆಸ್ಟ್‌ನಲ್ಲಿ ಇನ್ನು ಫೋನ್ ಇಲ್ಲ. ಬದಲಿಗೆ ವಾರದ ರಜೆ ನಾವು ಆರಿಸುವಂತಿಲ್ಲ, ಅವರು ಕೊಟ್ಟ ದಿನ. ಒಂದು ಹಕ್ಕು ಕೊಟ್ಟು ಇನ್ನೊಂದನ್ನು ಕೊಳ್ಳಬೇಕೆ? ಹಾಲಪ್ಪನ ಹೆಂಡತಿ ಕೌಸಲ್ಯಾ ಕೊಚ್ಚಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಅವರಿಬ್ಬರಿಗೆ ಇರುವುದೇ ಭಾನುವಾರ. ತಿರಸ್ಕರಿಸಲೇಬೇಕು.

ಯೂನಿಯನ್ ಕಾರ್ಯದರ್ಶಿ ಕ್ಯಾಪ್ಟನ್ ಗ್ರೇಸಿಗೆ ಫೋನ್ ಮಾಡಿದೆ. ಮಗನೇ ಎಂದು ಕರೆದು ಅವರು ಮಲಯಾಳದಲ್ಲಿ ಆಡಿದ್ದು ಒಂದೇ ಮಾತು — "ಇದೊರು ಅವಸರಮಾಣ್, ಮೋನೇ." ಅವಸರ! ಹಿರಿಯರೂ ನನ್ನ ಕಡೆ. ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 9, ಕೊಚ್ಚಿ

ಯೂನಿಯನ್ ಸಭೆ. ಎದ್ದು ಇಂಗ್ಲಿಷಿನಲ್ಲಿ ಹೇಳಿದೆ, ಇದು ತರಾತುರಿಯ ಒಪ್ಪಂದ, ಗ್ರೇಸಿ ಮೇಡಮ್ಮೇ ಹಾಗೆಂದಿದ್ದಾರೆ.

ಗ್ರೇಸಿ ಕನ್ನಡಕ ತೆಗೆದರು. "ಞಾನೋ?" ನಾನಾ, ಎಂದು.

"ಅವಸರ ಅಂದಿರಲ್ಲ, ಮೇಡಂ…"

ಹಾಲಪ್ಪ ಹಣೆ ಹಿಡಿದುಕೊಂಡ. "ಲೇ, ಮಲಯಾಳದಾಗ ಅವಸರ ಅಂದ್ರ ಚಾನ್ಸ್!"

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಗ್ರೇಸಿ ನಗು ಮುಗಿಯುವವರೆಗೆ ಕಾದು, ನನಗಾಗಿ ಇಂಗ್ಲಿಷಿಗೆ ಬಂದರು. "ಚಾನ್ಸ್ ಅಂದೆ, ಸೈನ್ ಮಾಡು ಅನ್ನಲಿಲ್ಲ. ಫೋನ್ ವಿಷಯ ಎಷ್ಟು ವರ್ಷದ ಜಗಳ, ನಿನಗೆ ಗೊತ್ತಾ? ಈಗ ಬಿಟ್ಟರೆ ಹೋಯಿತು. ನಿನಗೆ ಭಾನುವಾರವೂ ಬೇಕು. ಆಯ್ತು. ಹೇಗೆ?"

ಓದಿದ ಕರಪತ್ರಗಳಲ್ಲಿ 'ಬೇಕು' ಇತ್ತು. 'ಹೇಗೆ' ಇರಲಿಲ್ಲ. ಹಾಲಪ್ಪನ ಕಡೆ ನೋಡಿದೆ.

"ಅವರು ಯಾವ ದಿನಾನರ ಕೊಡ್ಲಿ," ಎಂದ. "ನಮ್ಮನಮ್ಮೊಳಗ ಬದಲ್ ಮಾಡ್ಕೊಳ್ಳಾಕ ಬಿಟ್ರ ಸಾಕು. ನನಗೊಂದು ಸಂಡೇ ಕೊಡೂ ಪುಣ್ಯಾತ್ಮ ಯಾರೂ ಇಲ್ಲೇನು?"

ಕೈ ಎತ್ತಿದೆ. ಹಿಂದೆ ಇನ್ನೂ ಹಲವು ಕೈಗಳು. ಅದನ್ನೇ ನಮ್ಮ ಷರತ್ತು ಮಾಡಿದೆವು. ಕೊಟ್ಟು ಕೊಳ್ಳುವುದೇ — ಆದರೆ ನಮ್ಮ ನಮ್ಮಲ್ಲಿ. ಬೇಸರವಿಲ್ಲ.

ಮಾರ್ಚ್ 14, ತಿರುವನಂತಪುರ

ಕಂಪನಿ ಮಾತಿಗೆ ಕೂರಲು ಒಪ್ಪಿದೆ. ಷರತ್ತು ಮಂಡಿಸುವವನು ನಾನೇ, ಗ್ರೇಸಿಯ ಆಜ್ಞೆ. ಹಾಲಪ್ಪ ನನ್ನ ಶರ್ಟ್ ಇಸ್ತ್ರಿ ಮಾಡುತ್ತಿದ್ದಾನೆ. ಭಾನುವಾರಕ್ಕೆ ಲಂಚವಂತೆ.

ಮಂಗಳವಾರ, ಬೆಳಿಗ್ಗೆ ಹತ್ತೂವರೆ, ಕೊಚ್ಚಿ ಆಫೀಸು. ಗ್ರೇಸಿ ಗೇಟಿನಲ್ಲೇ ಸಿಗುತ್ತಾರೆ, ಅಲ್ಲಿಂದ ಒಳಗೆ ಒಟ್ಟಿಗೆ ಹೋಗುತ್ತೇವೆ.