ಕಂಬದ ಹಿಂದಿನ ಸೀಟು

ನವೆಂಬರ್ 11, ಶನಿವಾರ

ಗೆದ್ದರು. ಯಾರ ಮೇಲೆ? ಯಾವುದೋ ಬೈಬಲ್ ಕಾಲೇಜಿನ ಮೇಲೆ. ಆ ಹುಡುಗರು ಬಸ್ಸಿನಿಂದ ಇಳಿಯುವಾಗಲೇ ಸೋತ ಮುಖ ಹಾಕಿಕೊಂಡಿದ್ದರು. ಅದಕ್ಕೂ ಹೊಗೆ, ಬಣ್ಣದ ದೀಪ, ಕಿವಿ ಕಿತ್ತುಹೋಗುವ ಹಾಡು. ಹಳೇ ಫೀಲ್ಡ್‌ಹೌಸ್ ಬಿಟ್ಟು ಕಾಲೇಜಿನ ಬಾಸ್ಕೆಟ್‌ಬಾಲಿಗೆ ಈ ವರ್ಷ ಹೊಸ ಅರೀನಾ ಬಂದಿದೆಯಲ್ಲ, ಸೀನಿದರೂ ಸಂಭ್ರಮ.

ನನ್ನ ಸೀಟು ಮೇಲಂತಸ್ತಿನ ಕೊನೆಯ ಸಾಲು. ಮೆತ್ತನೆಯ ಕುರ್ಚಿ, ಲೋಟ ಇಡಲು ಕೈ ಪಕ್ಕದಲ್ಲೊಂದು ತೂತು. ಬಾಸ್ಕೆಟ್‌ಬಾಲ್ ನೋಡಲು ಬಂದವರಿಗೆ ಇದೆಲ್ಲ ಯಾಕೆ ಬೇಕೋ. ಆಟಗಾರರು ಅಲ್ಲಿಂದ ಹುರುಳಿಕಾಳಿನಷ್ಟು ಕಾಣುತ್ತಾರೆ. ಕಾಲೇಜಿಗೆ ದಾನ ಕೊಟ್ಟವರು ಕೆಳಗೆ, ಕೊಡದವರು ಮೇಲೆ. ನಲವತ್ತೈದು ವರ್ಷ ಬಂದು ಗಂಟಲು ಹರಿದುಕೊಂಡಿದ್ದೇನೆ. ಅದು ದಾನ ಅಲ್ಲವಂತೆ.

ದುರ್ಬೀನು ಒಯ್ದಿದ್ದೆ, ಆಟಗಾರರ ನಂಬರು ಓದಲು. ವೆಂಡೆಲ್ ಕಣ್ಣಿಗೆ ಬಿದ್ದ. ಕೆಳಗೆ, ನಟ್ಟನಡುವೆ, ದೊಡ್ಡ ಮನುಷ್ಯರ ಸಾಲಿನಲ್ಲಿ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ವರ್ಷ ವರ್ಷ ಕಾಲೇಜಿಗೆ ಚೆಕ್ ಬರೆದವನು ತಾನೆ. ಪಕ್ಕದ ಸೀಟಿನ ಮೇಲೆ ಕೋಟು ಹರಡಿಕೊಂಡಿದ್ದ. ಮಹಾರಾಜರ ಕೋಟಿಗೂ ಒಂದು ಆಸನ ಬೇಕು. ಆ ಮನುಷ್ಯನ ಜೊತೆ ಹದಿನೆಂಟು ವರ್ಷ ಸಂಸಾರ ಮಾಡಿದೆ ಅಂತ ನೆನೆದರೆ ನನಗೇ ನಂಬಿಕೆ ಬರುವುದಿಲ್ಲ.

ನವೆಂಬರ್ 18, ಶನಿವಾರ, ಬೆಳಿಗ್ಗೆ

ಡೈನರ್‌ಗೆ ತಿಂಡಿಗೆ ಹೋಗಿದ್ದೆ. ಕಿಟಕಿ ಪಕ್ಕದ ಮೇಜಿನಲ್ಲಿ ಅದೇ ಇಬ್ಬರು ಪಂಡಿತರು. ಆರ್ಲಿಸ್‌ಗೆ ಹೊಸದೆಲ್ಲ ಚಂದ. ಗಾರ್ಡಿಗೆ ಹಳೆಯದೆಲ್ಲ ಚಂದ. ಎರಡರಲ್ಲೂ ಇಬ್ಬರಿಗೂ ಆಟ ಅರ್ಥವಾಗಿಲ್ಲ.

"ಏನೇ ಹೇಳು ಓಪಲ್, ಹೊಸಾದ್ರಲ್ಲಿ ಎಲ್ಲಿ ಕೂತ್ರೂ ಆಟ ಪೂರ್ತಿ ಕಾಣತ್ತೆ," ಅಂದ ಆರ್ಲಿಸ್.

"ಆಟಾನೇ ಇಲ್ಲ. ಪೂರ್ತಿ ಕಂಡು ಏನು ಮಾಡ್ತೀಯ?"

ಗಾರ್ಡಿ ಫೋರ್ಕ್ ಕೆಳಗಿಟ್ಟ. ಅಂದರೆ ಭಾಷಣ ಶುರು. "ಹಳೇ ಫೀಲ್ಡ್‌ಹೌಸ್ ಅಂದ್ರೆ ಫೀಲ್ಡ್‌ಹೌಸು ಕಣಮ್ಮ. ಆ ಹಿಮದ ದಿನ ನೆನಪಿದ್ಯಾ? ಕರೆಂಟ್ ಹೋಯ್ತು, ಬಾಗಿಲು ತೆಗೆದು ಟ್ರಕ್ಕಿನ ಲೈಟ್ ಬಿಟ್ಕೊಂಡು ಆಟ ಮುಗಿಸಿದ್ವಿ! ಮೈ ಜುಂ ಅನ್ನತ್ತೆ."

"ಮುಗಿಸಿದ್ವಿ ಅಂದ್ರೆ? ನೀನಾಗ ಜರ್ಮನೀಲಿ ಮಿಲಿಟರಿ ಅಡುಗೆಮನೇಲಿ ಆಲೂಗಡ್ಡೆ ಸುಲೀತಿದ್ದೆ."

ಆರ್ಲಿಸ್ ನಗುತ್ತಾ ಕಾಫಿ ಚೆಲ್ಲಿಕೊಂಡ. ಗಾರ್ಡಿ ಮುಖ ಕೆಂಪಾಯಿತು. "ನಮ್ಮಣ್ಣ ಇದ್ದ," ಅಂದ. ಅವನ ಅಣ್ಣನೂ ಇರಲಿಲ್ಲ. ಆ ದಿನ ಇದ್ದೆ ಎನ್ನುವವರನ್ನೆಲ್ಲ ಸೇರಿಸಿದರೆ ಇಂಡಿಯಾನಾ ರಾಜ್ಯವೇ ಅರ್ಧ ಖಾಲಿಯಾಗಬೇಕು. ನಾನು ಇದ್ದೆ. ವೆಂಡೆಲ್ ಇದ್ದ. ಆಗ ಮದುವೆಯಾಗಿರಲಿಲ್ಲ. ಅವನ ಕೈ ಐಸಿನ ಹಾಗೆ ತಣ್ಣಗಿತ್ತು. ಬೇರೆ ಏನೂ ನೆನಪಿಲ್ಲ.

ಡಿಸೆಂಬರ್ 6, ಬುಧವಾರ

ಸೋತರು. ಸತತ ನಾಲ್ಕನೆಯದು. ತಂಡದ ಹೆಸರೇ ಹೇಸರಗತ್ತೆಗಳು. ಹೆಸರಿಗೆ ಮೋಸ ಮಾಡುತ್ತಿಲ್ಲ. ಇದ್ದವರಲ್ಲಿ ಆಡಬಲ್ಲವನು ಒಬ್ಬ, ಉದ್ದ ಕೈಯ ಹುಡುಗ. ಅವನು ವಸಂತಕ್ಕೆ ಬೇರೆ ಕಾಲೇಜಿಗೆ ಹಾರುತ್ತಾನಂತೆ. ಈಗ ಎಲ್ಲರೂ ಹಾಗೆ, ವರ್ಷಕ್ಕೊಂದು ಅಂಗಿ. ಕೋಚ್ ಬೆವರು ಒರೆಸಿಕೊಳ್ಳುವುದು ಬಿಟ್ಟರೆ ಇನ್ನೇನೂ ಮಾಡುವುದಿಲ್ಲ.

ವೆಂಡೆಲ್‌ಗೆ ಏನಾಗಿದೆಯೋ. ಎಲ್ಲರೂ ಎದ್ದು ಕೂಗಿ, ಕೂತ ಮೇಲೆ ಇವನು ಏಳುತ್ತಾನೆ. ಒಬ್ಬನೇ ನಿಂತು ಚಪ್ಪಾಳೆ. ಕಿವಿಗೆ ಏನೋ ವೈರು ಸಿಕ್ಕಿಸಿಕೊಂಡಿದ್ದಾನೆ. ರೇಡಿಯೋ ಇರಬೇಕು. ಆಟದ ಮುಂದೆ ಕೂತು ಆಟದ ರೇಡಿಯೋ ಕೇಳುವ ದಡ್ಡನನ್ನು ಇದೇ ಮೊದಲು ನೋಡುತ್ತಿರುವುದು. ಮೊದಲಿಂದಲೂ ಮಂದ. ಮದುವೆ ಮುರಿದದ್ದು ಅವನಿಗೆ ಅರ್ಥವಾದದ್ದೇ ಮುರಿದು ಆರು ತಿಂಗಳಾದ ಮೇಲೆ.

ಕೋಟು ಇವತ್ತೂ ಪಕ್ಕದ ಸೀಟಿನಲ್ಲಿ. ಬೇರೆ ಯಾರಿಗಾದರೂ ಕೊಡಬಾರದೇ.

ಡಿಸೆಂಬರ್ 7

ನಿನ್ನೆ ಬರೆದದ್ದು ಓದಿದೆ. ಅವನ ಬಗ್ಗೆ ಯಾಕೆ ಬರೆಯುತ್ತೇನೆ? ಅಭ್ಯಾಸ. ಡಿವೋರ್ಸ್ ಆದ ಮೇಲೂ ಇಪ್ಪತ್ತೈದು ವರ್ಷ ಪಕ್ಕದಲ್ಲಿ ಕೂತದ್ದರ ಫಲ.

ಡಿವೋರ್ಸ್ ಆದಾಗ ಮನೆ ನನಗೆ, ಅಂಗಡಿ ಅವನಿಗೆ. ಜಗಳವಾಗಲಿಲ್ಲ. ಜಗಳವಾದದ್ದು ಫೀಲ್ಡ್‌ಹೌಸಿನಲ್ಲಿ ವರ್ಷವಿಡೀ ನಮ್ಮ ಹೆಸರಿಗಿದ್ದ ಎರಡು ಸೀಟಿಗೆ. ಇಬ್ಬರಿಗೂ ಎರಡೂ ಬೇಕು. ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಒಬ್ಬೊಬ್ಬರಿಗೆ ಒಂದೊಂದು" ಅಂದ. ಮಹಾ ಬುದ್ಧಿವಂತ. ಹನ್ನೊಂದು ನನಗೆ, ಹನ್ನೆರಡು ಅವನಿಗೆ. ಅಕ್ಕಪಕ್ಕ. ಯಾರಾದರೂ ಒಬ್ಬರು ಬಿಟ್ಟುಕೊಡುತ್ತಾರೆ ಅಂದುಕೊಂಡಿದ್ದನೇನೋ. ನಾನು ಯಾಕೆ ಬಿಡಲಿ? ಅವನೂ ಬಿಡಲಿಲ್ಲ.

ಆ ಸೀಟುಗಳ ಮುಂದೆ ಚಾವಣಿ ಹೊತ್ತ ಕಬ್ಬಿಣದ ಕಂಬ. ನನ್ನ ಜಾಗದಿಂದ ಗಡಿಯಾರದ ಕಡೆಯ ಬಾಸ್ಕೆಟ್ ಕಾಣುವುದಿಲ್ಲ. ಅವನ ಜಾಗದಿಂದ ಬಾಗಿಲ ಕಡೆಯದು ಕಾಣುವುದಿಲ್ಲ. ಅಲ್ಲಿನ ಮೈಕು ಮೊದಲಿಂದಲೂ ಗೊರಗೊರ. ಏನು ಮಾಡುವುದು, ಒಬ್ಬರನ್ನೊಬ್ಬರು ಕೇಳಲೇಬೇಕು.

"ಬಿತ್ತಾ?"

"ಬಿತ್ತು."

ಅವನ ಕಡೆ ಆದಾಗ ನಾನು ಕೇಳುವುದು, ನನ್ನ ಕಡೆ ಆದಾಗ ಅವನು. ಅಷ್ಟೇ ಮಾತು. ನಮಸ್ಕಾರ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. ಮಗಳ ಮದುವೆಯ ವಾರವೂ ಅಷ್ಟೇ. ಅವನ ತಾಯಿ ಸತ್ತ ವಾರವೂ ಅಷ್ಟೇ. ಬಿತ್ತಾ, ಬಿತ್ತು. ಬಿತ್ತಾ, ಇಲ್ಲ.

ಹೊಸ ಅರೀನಾದಲ್ಲಿ ಕಂಬವೇ ಇಲ್ಲ. ಎಲ್ಲ ಕಾಣುತ್ತದೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಹಾಳಾಗಲಿ. ಮಲಗುತ್ತೇನೆ.

ಡಿಸೆಂಬರ್ 25

ಲಿನೆಟ್ ಮನೆಯಲ್ಲಿ ಊಟ. ಮಗಳು ಹಬ್ಬವನ್ನೂ ಜಡ್ಜ್ ಹಾಗೆ ಹಂಚುತ್ತಾಳೆ, ಬೆಳಿಗ್ಗೆ ಅಪ್ಪನಿಗೆ, ಸಂಜೆ ನನಗೆ. ಹ್ಯಾಮ್ ಒಣಗಿತ್ತು. ಬೆಳಗಿನವನಿಗೆ ಒಳ್ಳೆಯ ತುಂಡು ಹೋಗಿರಬೇಕು.

"ಅಪ್ಪನ್ನ ಮನೆಗೆ ಬಿಟ್ಟು ಬಂದೆ. ಅಪ್ಪ ಈಗ ಕಾರು ಓಡಿಸಲ್ಲ," ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಯಾಕಂತೆ? ಮಹಾರಾಜರಿಗೆ ಡ್ರೈವರ್ ಬೇಕಾ?"

"ಏನಿಲ್ಲ ಬಿಡಮ್ಮ. ಪೈ ಹಾಕ್ಲಾ?"

ಸೋಮಾರಿತನ, ಇನ್ನೇನು.

ಜನವರಿ 17, ಬುಧವಾರ

ನಗು ತಡೆಯಲು ಆಗುತ್ತಿಲ್ಲ. ಹೊಸ ಅರೀನಾದಲ್ಲಿ ಚಳಿಗೆ ಪೈಪ್ ಒಡೆದಿದೆ! ಹೊಳೆಯುವ ಮರದ ನೆಲವೆಲ್ಲ ನೀರು ಕುಡಿದು ಹಪ್ಪಳದ ಹಾಗೆ ಎದ್ದಿದೆಯಂತೆ. ಗಾರ್ಡಿ ಫೋನ್ ಮಾಡಿ ಹೇಳಿದ, ಮೊಮ್ಮಗು ಹುಟ್ಟಿದವನ ಹಾಗೆ ಖುಷಿಯಲ್ಲಿದ್ದ. ಮುಂದಿನ ಶನಿವಾರದ ಆಟ ಹಳೇ ಫೀಲ್ಡ್‌ಹೌಸಿನಲ್ಲಿ. ವಸಂತಕ್ಕೆ ಕೆಡವಬೇಕು ಅಂತ ಬೇಲಿ ಹಾಕಿದ್ದರಲ್ಲ, ಈಗ ಅದೇ ಬೇಲಿ ಕಿತ್ತು ಪೊರಕೆ ಹಿಡಿದಿದ್ದಾರೆ. ಮುದುಕಿಯನ್ನು ಮನೆಯಿಂದ ಹೊರಗೆ ಹಾಕಿ, ಮಗು ಅತ್ತಾಗ ವಾಪಸ್ ಕರೆದ ಹಾಗೆ.

ಸೀಟು ನಂಬರು ಇಲ್ಲ. ಮೊದಲು ಬಂದವರಿಗೆ ಮೊದಲು.

ಮೊದಲು ಯಾರು ಬರುತ್ತಾರೆ ನೋಡೋಣ.

ಜನವರಿ 27, ಶನಿವಾರ, ಬೆಳಿಗ್ಗೆ

ಸ್ಯಾಂಡ್‌ವಿಚ್ ಕಟ್ಟಿಕೊಂಡೆ. ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತೇನೆ. ದುರ್ಬೀನು ಬೇಡ. ಹನ್ನೊಂದನೇ ಸೀಟು ನನ್ನದು, ಕೋರ್ಟೇ ಹೇಳಿದೆ.

ಹನ್ನೆರಡರಲ್ಲಿ ಯಾರಾದರೂ ಕೂರಲಿ. ನನಗೇನು.

ಜನವರಿ 28, ಭಾನುವಾರ

ಕುತ್ತಿಗೆ ತಿರುಗಿಸಲು ಆಗುತ್ತಿಲ್ಲ. ಚರ್ಚಿಗೆ ಹೋಗಲಿಲ್ಲ. ನಿಧಾನವಾಗಿ ಬರೆಯುತ್ತೇನೆ.

ಬಾಗಿಲು ತೆಗೆದಾಗ ನಾನೇ ಮೊದಲು. ಒಳಗೆ ಅದೇ ವಾಸನೆ, ಹಳೇ ವಾರ್ನಿಷ್, ಪಾಪ್‌ಕಾರ್ನ್, ಬೆವರು. ಬೆಂಚಿನ ಮೇಲೆ ನಂಬರು ಅರ್ಧ ಅಳಿಸಿದೆ. ಕೂತೆ. ಸೆಖೆ ಅನ್ನಿಸಿತು, ಕೋಟು ತೆಗೆದೆ. ಎಲ್ಲಿ ಇಡಲಿ? ಹನ್ನೆರಡರ ಮೇಲೆ ಇಟ್ಟೆ. ಜಾಗ ಹಿಡಿಯಲು ಅಲ್ಲ. ಸೆಖೆ. ಹೊರಗೆ ಹಿಮ ಬೀಳುತ್ತಿತ್ತು, ಒಳಗೆ ಹೀಟರ್ ಸರಿಯಾಗಿ ಓಡುತ್ತಿರಲಿಲ್ಲ, ಆದರೂ ನನಗೆ ಸೆಖೆ.

ಆರ್ಲಿಸ್ ಬಂದ. "ಈ ಸೀಟು ಖಾಲಿನಾ ಓಪಲ್?"

"ಕಣ್ಣು ಕಾಣಲ್ವಾ? ಕೋಟಿದೆ."

"ಕೋಟು ಆಟ ನೋಡತ್ತಾ?"

"ನಿನಗಿಂತ ಚೆನ್ನಾಗಿ ನೋಡತ್ತೆ. ನಡಿ."

ಆಟ ಶುರುವಾಗುವ ಹೊತ್ತಿಗೆ ವೆಂಡೆಲ್ ಬಂದ. ಲಿನೆಟ್ ತೋಳು ಹಿಡಿದು ಕರೆತಂದಳು, ಒಂದೊಂದೇ ಮೆಟ್ಟಿಲು. ದಪ್ಪಗಾಗಿದ್ದಾನೆ, ಅದಕ್ಕೇ ಅಂದುಕೊಂಡೆ. ಕೋಟು ಎತ್ತಿಕೊಂಡೆ. ಕೂತ. ನಮಸ್ಕಾರ ಇಲ್ಲ. ಲಿನೆಟ್ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅಪ್ಪ ಕೈ ಬೀಸಿದ ಮೇಲೆ ಹೋದಳು. ಅವನು ಕಿವಿಯ ವೈರನ್ನು ಎರಡು ಸಲ ತಿರುಚಿ, ಕಿತ್ತು ಜೇಬಿಗೆ ಹಾಕಿದ. ಆ ತಗಡಿನ ಚಾವಣಿಯ ಕೆಳಗೆ ಯಾವ ರೇಡಿಯೋ ಕೇಳಿಸುತ್ತದೆ.

ಎದುರಾಳಿಗಳಿಗೆ ಎರಡು ಫ್ರೀ ಥ್ರೋ ಎಸೆತ ಸಿಕ್ಕಿದವು. ಗಡಿಯಾರದ ಕಡೆ.

"ಬಿತ್ತಾ?" ಅಂದೆ. ತಾನಾಗಿ ಬಾಯಿಂದ ಬಂತು.

"ಇಲ್ಲ," ಅಂದ.

ಎದುರಾಳಿಗಳ ಬೆಂಚು ಎದ್ದು ಕುಣಿಯುತ್ತಿತ್ತು. "ಇಲ್ವಾ? ಮತ್ತೆ ಅವರು ಯಾಕೆ ಕುಣೀತಿದ್ದಾರೆ?"

ಮುಂದಿನದಕ್ಕೆ ಮತ್ತೆ ಕೇಳಿದೆ. "ಬಿತ್ತು," ಅಂದ. ಜನ ಹೋ ಅಂತ ನಗುತ್ತಿದ್ದರು. ಚೆಂಡು ರಿಂಗನ್ನೂ ಮುಟ್ಟಲಿಲ್ಲ ಅಂತ ಹಿಂದಿನಿಂದ ಯಾರೋ ಕೂಗಿದರು. ನನಗೆ ಸಿಟ್ಟು ನೆತ್ತಿಗೇರಿತು.

"ವೆಂಡೆಲ್, ನನ್ನ ಹತ್ರ ತಮಾಷೆ ಮಾಡ್ತಿದ್ದೀಯಾ? ಇಪ್ಪತ್ತೈದು ವರ್ಷದಲ್ಲಿ ನೀನು ಸರಿಯಾಗಿ ಮಾಡಿದ್ದು ಇದೊಂದೇ ಕೆಲಸ. ಇದೂ ಆಗಲ್ವಾ?"

"ಕಾಣಲ್ಲ, ಓಪಲ್."

"ಏನು ಕಾಣಲ್ಲ?"

"ನಡುವೆ ಏನೂ ಕಾಣಲ್ಲ. ಅಂಚಲ್ಲಿ ಒಂಚೂರು. ಹೋದ ಬೇಸಿಗೆಯಿಂದ." ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. "ಹೊಸಾದ್ರಲ್ಲಿ ಕಂಬಾನೇ ಇಲ್ಲ ಅಂತಾರೆ. ನಂಗೆ ಎಲ್ಲಿ ನೋಡಿದ್ರೂ ಆ ಕಂಬಾನೇ."

ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಬಹಳ ಸಂಕಟವಾಯಿತು. ಅದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

"ಹಾಗಿದ್ರೆ ಇಲ್ಲಿಗೆ ಯಾಕೆ ಬರ್ತೀಯ?"

"ಬೇರೆ ಎಲ್ಲಿಗೆ ಹೋಗ್ಲಿ?"

ಬಾಗಿಲ ಕಡೆ ನಾನು ಹೇಳಬಲ್ಲೆ. ಗಡಿಯಾರದ ಕಡೆ ನನಗೆ ಕಂಬ. ದ್ವಿತೀಯಾರ್ಧದಲ್ಲಿ ನಮ್ಮವರು ಹಾಕುವುದೆಲ್ಲ ಆ ಕಡೆಗೇ. ಅಂದರೆ ಮುಖ್ಯವಾದದ್ದನ್ನು ಇಬ್ಬರೂ ನೋಡುವುದಿಲ್ಲ. ಅದು ಆಗದ ಮಾತು. "ಸ್ವಲ್ಪ ಹಿಂದೆ ಒರಗು," ಅಂದೆ. ಅವನ ಎದೆಯ ಮುಂದಿನಿಂದ ಕುತ್ತಿಗೆ ಚಾಚಿದೆ. ಸಾಲಲಿಲ್ಲ. ಅವನ ಮೊಣಕಾಲಿನ ಮೇಲೆ ಕೈ ಊರಿ ಇನ್ನೂ ಬಾಗಿದೆ. ಆಗ ಕಂಡಿತು. ಆಟ ಮುಗಿಯುವವರೆಗೂ ಹಾಗೇ ಇದ್ದೆ. ಗಾರ್ಡಿ ಹಿಂದಿನ ಸಾಲಿನಲ್ಲಿ ಏನೋ ಅಂದ. "ನಿನ್ನ ಜರ್ಮನಿಗೆ ಹೋಗು," ಅಂದೆ.

"ಬಿತ್ತಾ?"

"ಬಿತ್ತು."

"ಯಾರು ಹಾಕಿದ್ದು?"

"ಉದ್ದ ಕೈಯೋನು. ಎಡಗೈಲಿ. ಸುಮ್ನಿರು, ನೋಡೋಕೆ ಬಿಡು."

ಅದೇ ಹಳೇ ಶೇವಿಂಗ್ ಸಾಬೂನಿನ ವಾಸನೆ. ಇನ್ನೂ ಬದಲಾಯಿಸಿಲ್ಲ, ಕಂಜೂಸ್.

ಕೊನೆಗೆ ಒಂದು ಪಾಯಿಂಟ್ ಹಿಂದೆ. ಉದ್ದ ಕೈಯವನು ಎಸೆದ. ಗಂಟೆ ಹೊಡೆಯಿತು. ಚೆಂಡು ರಿಂಗಿನ ಮೇಲೆ ಸುತ್ತಿತು, ಮತ್ತೆ ಸುತ್ತಿತು. ಇಡೀ ಫೀಲ್ಡ್‌ಹೌಸ್ ಉಸಿರು ಹಿಡಿದಿತ್ತು. ಆಚೆಗೆ ಉರುಳಿತು.

ನನ್ನ ಕೈ ಅವನ ಮೊಣಕಾಲಿನ ಮೇಲೇ ಇತ್ತು. "ಬಿತ್ತಾ?" ಅಂದ, ಮೆಲ್ಲಗೆ.

ಬಿತ್ತು ಅನ್ನಬಹುದಿತ್ತು. ಆದರೆ ಆ ಬೆಂಚಿನ ಮೇಲೆ ಕೂತು ಅವನಿಗೆ ಯಾವತ್ತೂ ಸುಳ್ಳು ಹೇಳಿಲ್ಲ.

"ಇಲ್ಲ."

"ಕತ್ತೆಗಳು," ಅಂದ.

"ಹೇಸರಗತ್ತೆಗಳು," ಅಂದೆ.

ಜನ ಇಳಿಯಲಿ ಅಂತ ಕೂತೇ ಇದ್ದೆವು. ಲಿನೆಟ್ ದೂರದಲ್ಲೇ ನಿಂತಿದ್ದಳು, ಕಳ್ಳಿ, ಎಲ್ಲ ಗೊತ್ತಿತ್ತು ಅವಳಿಗೆ. ಅಮ್ಮನಿಗೆ ಹೇಳಬೇಡ ಅಂದಿದ್ದನಂತೆ.

"ಅಲ್ಲಿ ಕೆಳಗೆ ನಿನ್ನ ಕೋಟಿಗೆ ಒಂದು ಸೀಟು ಇಟ್ಟಿದ್ದೀಯಲ್ಲ," ಅಂದೆ. "ಮೇಲಿಂದ ನೋಡಿದ್ದೀನಿ. ನಾಚಿಕೆ ಆಗಲ್ವಾ?"

"ಅದು ಕೋಟಿಗಲ್ಲ. ಮೊದಲ ದಿನದಿಂದ ಎರಡು ತಗೊಂಡಿದ್ದೀನಿ."

"ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬರ್ತಿದ್ಯಾ?"

"ಇಲ್ಲ."

"ಅದಕ್ಕೇ ಕೋಟು ಇಟ್ಟೆ," ಅಂದ.

ಫೆಬ್ರವರಿ 10, ಶನಿವಾರ, ಮಧ್ಯಾಹ್ನ

ಹಪ್ಪಳದ ನೆಲ ರಿಪೇರಿಯಾಗಿದೆ. ಇವತ್ತು ಹೊಸದರಲ್ಲೇ ಆಟ. ಫೀಲ್ಡ್‌ಹೌಸಿಗೆ ಮತ್ತೆ ಬೇಲಿ. ಡೈನರ್‌ನಲ್ಲಿ ಗಾರ್ಡಿ ಆಗಲೇ ಹೇಳುತ್ತಿದ್ದ, ಆ ಕೊನೆಯ ಚೆಂಡು ಒಳಗೆ ಬಿದ್ದಿತ್ತು, ರೆಫರಿ ಮೋಸ ಮಾಡಿದ ಅಂತ. ಈ ಸಲ ಅವನು ಅಲ್ಲೇ ಇದ್ದ. ಆದರೂ ನೋಡಿಲ್ಲ.

ನಾನು ಕೆಳಗಿನ ಸೀಟಿಗೆ ಹೋಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ದೊಡ್ಡ ಮನುಷ್ಯರ ಸಾಲು, ಎಲ್ಲರೂ ಮೊಬೈಲ್ ನೋಡುತ್ತಾ ಕೂರುವವರು. ಲೋಟ ಇಡುವ ತೂತು ಅಲ್ಲಿ ಎರಡೆರಡು ಇದೆಯಂತೆ. ಇನ್ನು ಅವನ ರೇಡಿಯೋ. ಆಟಕ್ಕಿಂತ ಹಿಂದೆ ಓಡುತ್ತದೆ, ಹೇಳುವವನಿಗೆ ಆಟಗಾರರ ಹೆಸರೂ ಬಾರದು. ಅಂಥದ್ದನ್ನು ನಂಬಿಕೊಂಡು ಎಲ್ಲರೂ ಕೂತ ಮೇಲೆ ಒಬ್ಬನೇ ಎದ್ದು ನಿಂತರೆ ಊರೆಲ್ಲ ನಗುವುದಿಲ್ಲವೇ. ನಕ್ಕಿದ್ದೂ ಇದೆ. ನಾನೇ ನಕ್ಕಿದ್ದೆ.

ಯಾರಾದರೂ ಸರಿಯಾದ ಹೊತ್ತಿಗೆ ಹೇಳಬೇಕು, ಅಷ್ಟೇ. ಬಿತ್ತೋ ಇಲ್ಲವೋ ಅಂತ. ಅದಕ್ಕೇನು ದೊಡ್ಡ ವಿದ್ಯೆ ಬೇಕಾಗಿಲ್ಲ.

ಹೊರಗೆ ಹಾರ್ನ್. ಲಿನೆಟ್ ಕಾರು. ಮುಂದಿನ ಸೀಟಿನಲ್ಲಿ ಆ ಟೊಪ್ಪಿ. ನಾನು ಬರುತ್ತೇನೆ ಅಂತ ಯಾರು ಹೇಳಿದರು ಇವರಿಗೆ? ಮತ್ತೆ ಹಾರ್ನ್. ಬಂದೆ, ಬಂದೆ, ಕಿವುಡಿ ಅಲ್ಲ ನಾನು. ದುರ್ಬೀನು ಎಲ್ಲಿ ಇಟ್ಟೆ... ಛೆ, ಅದು ಯಾಕೆ ಈಗ, ಅಲ್ಲಿಂದ ಎಲ್ಲ ಹತ್ತಿರಾನೇ —